ಸಂಶೋಧಕರ ಒಲವು ಮತ್ತು ಯೋಜನೆಗಳ ಹಂಚಿಕೆ

ಡೇವಿಡ್ ಗೇಲ್ ಮತ್ತು ಲಾಯ್ಡ್ ಶ್ಯಾಪ್ಲಿ ಇವರು 1962ರಲ್ಲಿ ಪ್ರಕಟಿಸಿದ ಪ್ರಬಂಧವು ಕಾಲೇಜು ಪ್ರವೇಶವನ್ನೂ ವಿವಾಹವನ್ನೂ ಕುರಿತುದಾದರೂ, ಸಂಶೋಧಕರಿಗೆ ಯೋಜನೆಗಳನ್ನು ಹಂಚುವವರು ಅವಶ್ಯವಾಗಿ ಪರಿಶೀಲಿಸಬೇಕಾದುದು. ವಿಧಾನ ಸರಳವಾದುದು: ಪ್ರತಿಯೊಬ್ಬ ಸಂಶೋಧಕನೂ ತನಗೆ ಅತ್ಯಂತ ಪ್ರಿಯವಾದ ಯೋಜನೆಗೆ ಮೊದಲು ಅರ್ಜಿ ಸಲ್ಲಿಸುತ್ತಾನೆ, ಯೋಜನೆಯ ಮುಖ್ಯಸ್ಥರು ತಮಗೆ ಉತ್ತಮರೆನಿಸಿದವರನ್ನು ಸ್ಥಾನವಿರುವಷ್ಟು ಮಟ್ಟಿಗೆ ತಾತ್ಕಾಲಿಕವಾಗಿ ಇರಿಸಿಕೊಂಡು ಉಳಿದವರನ್ನು ಬಿಡುತ್ತಾರೆ, ಅವರು ತಮ್ಮ ಪಟ್ಟಿಯ ಮುಂದಿನ ಯೋಜನೆಗೆ ಹೋಗುತ್ತಾರೆ. ಕೊನೆಗೆ, ದೊರೆತುದನ್ನು ತೊರೆದು ಪರಸ್ಪರ ಕೂಡಬಯಸುವ ಸಂಶೋಧಕ ಮತ್ತು ಯೋಜನೆಯ ಜೋಡಿ ಒಂದೂ ಉಳಿಯದು.

ಈ ಸ್ಥಿರತೆಯನ್ನೇ ನ್ಯಾಯವೆಂದು ಭಾವಿಸುವುದು ಸರಿಯಲ್ಲವೆಂಬುದು ನಮ್ಮ ಮತ. ಸ್ಥಿರವಾದ ಹಂಚಿಕೆಗಳು ಹಲವಿರಬಹುದು. ಅವುಗಳಲ್ಲಿ ಅರ್ಜಿ ಸಲ್ಲಿಸುವ ಪಕ್ಷಕ್ಕೆ ಅತ್ಯುತ್ತಮವಾದುದು ಈ ವಿಧಾನದಿಂದ ಲಭಿಸುತ್ತದೆ. ಎದುರು ಪಕ್ಷಕ್ಕೆ ಅದೇ ಅಧಮವಾದುದು. ಅಮೆರಿಕದಲ್ಲಿ ಕಿರಿಯ ವೈದ್ಯರನ್ನು ಆಸ್ಪತ್ರೆಗಳಿಗೆ ಹೊಂದಿಸಲು 1952ರಿಂದ ನಡೆದುಬಂದ ಏರ್ಪಾಡು ಆಸ್ಪತ್ರೆಗಳಿಗೆ ಅನುಕೂಲವಾದುದೆಂದು ಆಲ್ವಿನ್ ರಾತ್ 1984ರಲ್ಲಿ ತೋರಿಸಿದರು. ಅಭ್ಯರ್ಥಿಗಳಿಂದ ಆರಂಭವಾಗುವ ಕ್ರಮ ಬಳಕೆಗೆ ಬಂದುದು 1998ರಲ್ಲಿ.

ಮತ್ತೊಂದು ಕೊರತೆಯುಂಟು. ಪ್ರಬಂಧವು ಒಲವನ್ನು ಮೊದಲೇ ನಿಶ್ಚಿತವಾದುದೆಂದು ಗ್ರಹಿಸುತ್ತದೆ. ಸಂಶೋಧನೆಯಲ್ಲಾದರೋ ಒಲವು ಅನೇಕ ವೇಳೆ ಕಾರ್ಯದಲ್ಲಿ ತೊಡಗಿದ ಮೇಲೆಯೇ ರೂಪುಗೊಳ್ಳುತ್ತದೆ. ಆದುದರಿಂದ ಹಂಚಿಕೆಯಾಗಿ ವರ್ಷ ಕಳೆದ ಮೇಲೆ ಯೋಜನೆಯನ್ನು ಬದಲಿಸಿಕೊಳ್ಳಲು ಸಂಶೋಧಕನಿಗೆ ಅವಕಾಶವಿರತಕ್ಕದ್ದು.