ಗಿಣ್ಣು ಮೊದಲು ಯಾರಿಗೆ?

ರಾಮನಾಥಪುರದ ಷಷ್ಠಿ ಜಾತ್ರೆಯಿಂದ ಬೂಕನಬೆಟ್ಟದ ದನಗಳ ಜಾತ್ರೆವರೆಗೆ ನಮ್ಮ ಕಡೆ ಹಸು ಈಯುವುದಿದ್ದರೆ ಮನೆಯಲ್ಲೊಬ್ಬರು ಕೊಟ್ಟಿಗೆಯಲ್ಲೇ ಮಲಗಬೇಕು. ಮಾಗಿ ಚಳಿ.

ಹಾಗೆ ನೋಡಿದರೆ ಹಾಸನದ ಚಳಿ ಹಸುವಿಗೆ ಚಳಿಯೇ ಅಲ್ಲ. ಹೊಳೆನರಸೀಪುರದ ಹೇಮಾವತಿ ದಂಡೆಯಲ್ಲಿ ಬೆಳಿಗ್ಗೆ ಕವಿಯುವ ಮಂಜು ಹಾಲೆಂಡ್ ಮೂಲದ ಸೀಮೆಹಸುವಿಗೆ ಹಿತವೇ. ಪಾಡು ಕರುವಿನದು. ತಾಯಿಯ ಹೊಟ್ಟೆಯ 38–39 ಡಿಗ್ರಿಯಿಂದ ಒದ್ದೆ ಮೈಯಲ್ಲಿ ಸಿಮೆಂಟು ನೆಲಕ್ಕೆ ಬೀಳುತ್ತದೆ.

ಬಾಲದ ಬುಡದ ಎರಡೂ ಕಡೆ ಸಡಿಲಾಗಿ ಗುಂಡಿ ಬಿದ್ದು, ಮೊಲೆ ಬಿಗಿದು ಹೊಳೆಯತೊಡಗಿದರೆ ಒಂದೆರಡು ದಿನದೊಳಗೆ ಈಯುತ್ತದೆಂದು ತಿಳಿಯಿರಿ. ಒಣ ರಾಗಿಹುಲ್ಲು ದಪ್ಪಗೆ ಹಾಸಿ. ಕರು ಬಿದ್ದೊಡನೆ ಮೂಗು ಬಾಯಿಯ ಲೋಳೆ ತೆಗೆದು ತಾಯಿಯ ಮುಂದಿಡಿ. ಅದು ನೆಕ್ಕಲಿ, ನೀವು ಗೋಣಿಚೀಲದಲ್ಲಿ ಉಜ್ಜಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಮರೆಯಬೇಡಿ.

ನನ್ನ ತಕರಾರಿರುವುದು ಇದರ ಮುಂದಿನದಕ್ಕೆ. ಕಸ ಬೀಳುವ ತನಕ ಕರುವಿಗೆ ಮೊಲೆ ಬಿಡಬಾರದೆಂದು ನಮ್ಮಜ್ಜಿಯೂ ಹೇಳುತ್ತಿದ್ದರು. ಕಸಕ್ಕೆ ಎಂಟು ಗಂಟೆ ಹಿಡಿಯಬಹುದು, ಹನ್ನೆರಡೂ ಆಗಬಹುದು. ಗಿಣ್ಣುಹಾಲಿನ ರೋಗನಿರೋಧಕ ಸತ್ವವನ್ನು ಕರುವಿನ ಕರುಳು ಚೆನ್ನಾಗಿ ಹೀರುವುದು ಮೊದಲ ಆರು ಗಂಟೆ. ಒಂದು ದಿನ ಕಳೆದರೆ ಆ ಬಾಗಿಲೇ ಮುಚ್ಚಿಬಿಡುತ್ತದೆ. ಚಳಿಗೆ ಮೈ ಕಾಯಿಸಿಕೊಳ್ಳಲು ಬೇಕಾದ ಕೊಬ್ಬೂ ಅದರಲ್ಲೇ ಇದೆ. ಮೂವತ್ತು ಕಿಲೋ ಕರುವಿಗೆ ಮೊದಲ ದಿನ ಮೂರು ಲೀಟರ್ ಬೇಕು, ಅದರಲ್ಲಿ ಅರ್ಧ ಎರಡು ಗಂಟೆಯೊಳಗೆ. ತಮಾಷೆಯೆಂದರೆ ಕರು ಮೊಲೆ ಚೀಪಿದಾಗಲೇ ಗರ್ಭಕೋಶ ಹಿಂಡಿಕೊಳ್ಳುವುದು, ಕಸ ಸಡಿಲವಾಗುವುದು. ಅಜ್ಜಿ ಕಾಯುತ್ತಿದ್ದುದಕ್ಕೆ ಅಜ್ಜಿಯೇ ಅಡ್ಡ!

ಇನ್ನೊಂದು ಮೋಸ ತಾಯಿಯ ಕಡೆಯದು. ಮೂರನೆಯದೋ ನಾಲ್ಕನೆಯದೋ ಸೂಲಿನ, ಹಾಲು ಹೆಚ್ಚಿರುವ ಹಸು. ಈದ ಮಾರನೆಯ ದಿನ ಏಳಲೊಲ್ಲದು, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದೆ. ಕಿವಿ ಮುಟ್ಟಿದರೆ ತಣ್ಣಗೆ. ಚಳಿಯಿರಬೇಕೆಂದು ಕಂಬಳಿ ಹೊದಿಸಿ ಒಂದು ರಾತ್ರಿ ಕಳೆದವನು ನಾನೇ. ಅದು ಹಾಲುಜ್ವರ. ಹೆಸರಲ್ಲಿ ಮಾತ್ರ ಜ್ವರ, ಮೈ ತಣ್ಣಗಾಗುತ್ತದೆ. ಕೆಚ್ಚಲಿಗಿಳಿದ ಹಾಲು ರಕ್ತದ ಕ್ಯಾಲ್ಸಿಯಂ ಎಳೆದುಕೊಂಡಿರುತ್ತದೆ. ಡಾಕ್ಟರು ಬೆಳಿಗ್ಗೆ ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದರು. ಸ್ವಲ್ಪ ಹೊತ್ತಿಗೆಲ್ಲ ಎದ್ದು ನಿಂತು ಸಗಣಿ ಹಾಕಿತು. ರಾತ್ರಿಯೇ ಫೋನು ಮಾಡಿದ್ದರೆ ಏನಾಗುತ್ತಿತ್ತು ಎಂದಷ್ಟೇ ಅವರು ಕೇಳಿದ್ದು.

ಕಸವನ್ನು ಹುಲ್ಲಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವವರು ಕಟ್ಟಲಿ, ನನ್ನದೇನೂ ಅಡ್ಡಿಯಿಲ್ಲ. ಬೆಲ್ಲ ಏಲಕ್ಕಿ ಹಾಕಿದ ಗಿಣ್ಣು ನನಗೂ ಇಷ್ಟವೇ. ನೆರೆಮನೆಗೆ ಕೊಡುವ ಪಾತ್ರೆ ಮಾತ್ರ ಕರುವಿನ ಹೊಟ್ಟೆ ತುಂಬಿದ ಮೇಲೆ ಹೊರಡಲಿ.