ಹಲಗೆಯ ಗುರುತು ಹೊತ್ತ ಕಾಂಕ್ರೀಟು

ಲಂಡನ್ನಿನ ನ್ಯಾಷನಲ್ ಥಿಯೇಟರನ್ನು ದೂರದಿಂದಲೇ ನೋಡಿ ಬೈದವರು ಬಹಳ. ಹತ್ತಿರ ಹೋಗಿ ಗೋಡೆಯ ಮೇಲೆ ಕೈಯಾಡಿಸಬೇಕು. ಮರದ ಎಳೆ, ಗಂಟು, ಹಲಗೆಗೆ ಹಲಗೆ ಕೂಡಿದ ಗೆರೆ ಎಲ್ಲವೂ ಕಾಂಕ್ರೀಟಿನಲ್ಲಿ ಅಚ್ಚೊತ್ತಿವೆ. ಕಾಂಕ್ರೀಟು ಸುರಿಯಲು ಕಟ್ಟಿದ ಹಲಗೆಯ ಅಚ್ಚು, ಅಂದರೆ ಸೆಂಟ್ರಿಂಗ್, ಬಿಚ್ಚಿದ ಮೇಲೆ ಗಾರೆ ಬಳಿದು ಮುಚ್ಚುವುದು ವಾಡಿಕೆ. ಈ ಥಿಯೇಟರಿನ ವಾಸ್ತುಶಿಲ್ಪಿ ಡೆನಿಸ್ ಲಾಸ್ಡನ್ (1914–2001) ಆ ಗುರುತನ್ನೇ ಗೋಡೆಯ ಅಂದವಾಗಿಸಿದರು. ಬಡಗಿಯ ಕೆಲಸಕ್ಕೆ ಇದಕ್ಕಿಂತ ಮರ್ಯಾದೆ ಬೇಕೆ?

ವಾಸ್ತುಶಿಲ್ಪಿಗಳಾದ ವೆಲ್ಸ್ ಕೋಟ್ಸ್, ಲುಬೆಟ್ಕಿನ್ ಅವರ ಜೊತೆ ಪಳಗಿದ ಕೈ ಅವರದು. 1976ರಲ್ಲಿ ತೆರೆದ ಈ ಥಿಯೇಟರಿನ ಗತ್ತು ಇರುವುದು ಥೇಮ್ಸ್ ನದಿಯತ್ತ ಚಾಚಿದ ಅಂತಸ್ತು ಅಂತಸ್ತಿನ ಜಗಲಿಗಳಲ್ಲಿ. ಟಿಕೆಟ್ ಇಲ್ಲದವರೂ ಅಲ್ಲಿ ನಿಂತು ಹೊಳೆ ನೋಡಬಹುದು. ಮಳೆಯಲ್ಲಿ ನೆನೆದಾಗ ಕಟ್ಟಡ ಕಳೆಗುಂದುತ್ತದೆ, ಒಪ್ಪಿದೆ. 1988ರಲ್ಲಿ ಯುವರಾಜ ಚಾರ್ಲ್ಸ್ ಅದನ್ನು ಅಣುಸ್ಥಾವರಕ್ಕೆ ಹೋಲಿಸಿದರು. 1994ರಲ್ಲಿ ಅದು ಸಂರಕ್ಷಿತ ಕಟ್ಟಡಗಳ ಪಟ್ಟಿ ಸೇರಿತು. ಲಾಸ್ಡನ್ ಆಗಿನ್ನೂ ಇದ್ದರು.