ಬೆರಳಿಗೆ ತಿಳಿಯುವ ರುಚಿ

ಗೇಮಿಂಗ್ ಪಿಸಿ ಕಟ್ಟಬೇಕು, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸಲಿ ಎಂದು ಕೇಳಿಕೊಂಡು ಬರುವವರ ಕೈಗೆ ನಾನು ಮೊದಲು ಕೊಡುವುದು 1985ರ ಆಟ, ನಿಂಟೆಂಡೊದ ಸೂಪರ್ ಮಾರಿಯೊ ಬ್ರದರ್ಸ್. ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ, ಮೊದಲ ಹಂತವೊಂದನ್ನು ಆಡಿದರೆ ಸಾಕು.

ಆ ಹಂತದ ಆರಂಭವನ್ನು ನಿಧಾನವಾಗಿ ನೋಡಿ. ಮಾರಿಯೊ ಎಡಗಡೆ ನಿಂತಿದ್ದಾನೆ, ಬಲಗಡೆಯೆಲ್ಲ ಖಾಲಿ. ಯಾವ ಕಡೆ ಹೋಗಬೇಕೆಂದು ಕೇಳುವವರೇ ಇಲ್ಲ. ಎದುರಿನಿಂದ ಗೂಂಬಾ ಎಂಬ ಪುಟ್ಟ ವೈರಿ ನಡೆದು ಬರುತ್ತದೆ. ಸುಮ್ಮನೆ ನಿಂತರೆ ನೀವು ಸಾಯುತ್ತೀರಿ, ಹಾರಿ ಅದರ ಮೇಲೆ ಬಿದ್ದರೆ ಅದು ಸಾಯುತ್ತದೆ. ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗೆ ಕೆಳಗಿನಿಂದ ಗುದ್ದಿದರೆ ಅಣಬೆಯೊಂದು ಹೊರಬಂದು ಬಲಕ್ಕೆ ಜಾರುತ್ತದೆ, ಕೊಳವೆಗೆ ಬಡಿದು ನಿಮ್ಮತ್ತಲೇ ತಿರುಗುತ್ತದೆ. ಇದೂ ವೈರಿಯೇ ಇರಬೇಕೆಂದು ಗಾಬರಿಯಿಂದ ಹಾರಿದರೆ ಮೇಲಿನ ಇಟ್ಟಿಗೆ ತಲೆಗೆ ತಗುಲಿ, ಬಹುಮಟ್ಟಿಗೆ ಅಣಬೆಯ ಮೇಲೆಯೇ ಇಳಿಯುತ್ತೀರಿ. ಮಾರಿಯೊ ದೊಡ್ಡವನಾಗುತ್ತಾನೆ! ಆಟದ ವಿನ್ಯಾಸಕರಾದ ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಬೇಕೆಂದೇ ಹಾಗೆ ಜೋಡಿಸಿದ್ದು ಇದು. ಒಂದಕ್ಷರದ ಸೂಚನೆಯಿಲ್ಲದೆ ಆಟ ತನ್ನ ಅರ್ಧ ವ್ಯಾಕರಣವನ್ನು ಕಲಿಸಿಬಿಟ್ಟಿರುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಕಣ್ಣಿಗೆ ಕಾಣುವುದೇ ಇಲ್ಲ. 2018ರ ಸೆಲೆಸ್ಟ್, ಬೆಟ್ಟ ಹತ್ತುವ ಹುಡುಗಿಯೊಬ್ಬಳ ಆಟ. ಕಷ್ಟದ್ದು, ನೂರಾರು ಸಲ ಸಾಯಿಸುತ್ತದೆ. ಆದರೂ ಅದು ಅನ್ಯಾಯ ಮಾಡಿತು ಎನ್ನುವವರು ಕಡಿಮೆ. ಬಂಡೆಯ ಅಂಚು ದಾಟಿ ಕಾಲು ಗಾಳಿಯಲ್ಲಿದ್ದರೂ ಕ್ಷಣಕಾಲ ಹಾರಲು ಬಿಡುತ್ತದೆ. ನೆಲ ಮುಟ್ಟುವುದಕ್ಕೆ ತುಸು ಮುಂಚೆಯೇ ಬಟನ್ ಒತ್ತಿದರೆ ನೆನಪಿಟ್ಟುಕೊಂಡು, ಮುಟ್ಟಿದ ಕೂಡಲೇ ಹಾರಿಸುತ್ತದೆ. ಹಾಡುವವರ ಎಡುಪು ಕೂದಲೆಳೆಯಷ್ಟು ಜಾರಿದಾಗ ಸಭೆಗೆ ಗೊತ್ತಾಗದಂತೆ ಸರಿದೂಗಿಸುವ ಮೃದಂಗದವರ ಹಾಗೆ. ಹೊಸಬರು ಗಮನವಿಡಬೇಕಾದದ್ದು ಇಲ್ಲಿ: ಒತ್ತಿದ್ದಕ್ಕೂ ಆದದ್ದಕ್ಕೂ ನಡುವೆ ಏನಾಯಿತು? ನೀರಿನ ಮೇಲೆ ಬಿಸಿಲು ಹೊಳೆಯುವಂಥ ಗ್ರಾಫಿಕ್ಸ್ ಚೆಲುವನ್ನು ಆಮೇಲೆ ನೋಡೋಣ. ಕೋಟಿಗಟ್ಟಲೆ ಸುರಿದು ಮಾಡಿದ ಎಷ್ಟೋ ಆಟಗಳಲ್ಲಿ ನಾಯಕನ ಗಡ್ಡದ ಕೂದಲು ಎಣಿಸಬಹುದು, ಅವನನ್ನು ತಿರುಗಿಸುವಷ್ಟರಲ್ಲಿ ಮಾತ್ರ ಬೇಸರ ಬಂದಿರುತ್ತದೆ.

ಪಿಸಿಯನ್ನೂ ಇದೇ ಅಳತೆಯಿಂದ ನೋಡಿ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್, 144 ಎಂದರೆ ಸುಮಾರು 7. ಜಾಹೀರಾತು ಹೇಳುವುದು ಸರಾಸರಿಯನ್ನು. ಸರಾಸರಿ 90 ಇದ್ದರೂ ಆಗಾಗ ಒಂದು ಫ್ರೇಮ್ 60 ಮಿಲಿಸೆಕೆಂಡ್ ಹಿಡಿದರೆ ಆಟ ಗಕ್ಕನೆ ನಿಂತು ಹೊರಟಂತೆ ಕೈಗೆ ತಿಳಿಯುತ್ತದೆ. ಅದಕ್ಕಿಂತ ಅಲುಗದೆ ಬರುವ 60 ಎಷ್ಟೋ ಸುಖ. ವಿಮರ್ಶೆಗಳಲ್ಲಿ ಅತಿ ನಿಧಾನದ ಶೇಕಡಾ ಒಂದರಷ್ಟು ಫ್ರೇಮ್‌ಗಳ ವೇಗ ಹೇಳುವ 'ಒನ್ ಪರ್ಸೆಂಟ್ ಲೋ' ಎಂಬ ಅಂಕಿಯನ್ನು ಹುಡುಕುವುದು ಇದಕ್ಕೇ.

ಬಿಡಿಭಾಗ ಕೊಳ್ಳಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಡುವ ಮೊದಲೇ ಮಾನಿಟರ್ ಯಾವುದೆಂದು ತೀರ್ಮಾನಿಸಿ, ಉಳಿದದ್ದೆಲ್ಲ ಅದರ ಹಿಂದೆ ಬರಲಿ. 60 ಹರ್ಟ್ಸ್ ಮಾನಿಟರಿಗೆ 200 ಫ್ರೇಮ್ ಬರೆಯುವ ಕಾರ್ಡ್ ಕೊಂಡರೆ ಹಣದ ಬಹುಪಾಲು ಪರದೆಯ ಹಿಂದೆಯೇ ಉಳಿಯುತ್ತದೆ. 16 ಜಿಬಿ ರ‍್ಯಾಮ್ ಒಂದೇ ಕಡ್ಡಿಯಲ್ಲಿ ಬೇಡ, 8ರದು ಎರಡು ಹಾಕಿಸಿ. ಜೋಡಿಯಾಗಿ ಅವು ಪ್ರೊಸೆಸರಿಗೆ ಹೆಚ್ಚು ಮಾಹಿತಿ ಒದಗಿಸುತ್ತವೆ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಲ್ಲಿ ಜಿಪುಣತನ ಸಲ್ಲದು. ಬಣ್ಣದ ದೀಪ ನಿಮ್ಮಿಷ್ಟ, ಆದರೆ ಮುಂಭಾಗ ಪೂರ್ತಿ ಗಾಜು ಮುಚ್ಚಿದ ಕ್ಯಾಬಿನೆಟ್ಟಿಗೆ ಮರುಳಾಗಬೇಡಿ. ಗಾಳಿಯಾಡದೆ ಬಿಸಿಯೇರಿದರೆ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ.

ಜೋಡಿಸುವುದನ್ನು ಮಾತ್ರ ಅಂಗಡಿಯವರಿಗೆ ಬಿಡಬೇಡಿ. ಅರ್ಧ ಸಂತೋಷ ಅದರಲ್ಲೇ ಇದೆ. ಪ್ರೊಸೆಸರನ್ನು ಒತ್ತಬಾರದು, ದಿಕ್ಕು ಸರಿಯಿದ್ದರೆ ತಾನೇ ಕೂರುತ್ತದೆ. ರ‍್ಯಾಮನ್ನು ಟಕ್ ಎನ್ನುವವರೆಗೆ ಧೈರ್ಯವಾಗಿ ಒತ್ತಬೇಕು. ಹೀಟ್‌ಸಿಂಕ್ ಕೂರಿಸುವ ಮುನ್ನ ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು. ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗಿ ಪರದೆ ಕಪ್ಪಗಿದ್ದರೆ ಎದೆ ಒಡೆದುಕೊಳ್ಳಬೇಡಿ. ಡಿಡಿಆರ್5 ರ‍್ಯಾಮ್ ತನ್ನನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ಹಿಡಿಯಬಹುದು. ಮಾನಿಟರಿನ ಕೇಬಲ್ ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಮದರ್‌ಬೋರ್ಡಿಗೆ ಹೋಗಿದೆಯೇ ಎಂದೂ ಬಗ್ಗಿ ನೋಡಿ.

ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ರ‍್ಯಾಮ್ ಸೆಟ್ಟಿಂಗ್ ಆನ್ ಮಾಡದಿದ್ದರೆ ವೇಗದ ರ‍್ಯಾಮ್ ಸಾಮಾನ್ಯವಾಗಿ ನಿಧಾನವಾಗಿಯೇ ಓಡುತ್ತದೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮಾನಿಟರ್ 144 ಹರ್ಟ್ಸಿನದಾದರೆ ಅದನ್ನೇ ಆರಿಸಿದ್ದೀರೋ ಇಲ್ಲವೋ ನೋಡಿಕೊಳ್ಳಿ. ತಿಂಗಳುಗಟ್ಟಲೆ 60ರಲ್ಲೇ ಆಡಿಕೊಂಡು ಹೊಸ ಮಾನಿಟರನ್ನು ಹೊಗಳುವವರಿದ್ದಾರೆ. ಇಷ್ಟಾದ ಮೇಲೂ ಆಟ ತಡವರಿಸಿದರೆ ಹೊಸ ಕಾರ್ಡಿಗೆ ದುಡ್ಡು ಹೊಂದಿಸುವ ಮೊದಲು ನೆರಳಿನ ಗುಣಮಟ್ಟವನ್ನು ಅಲ್ಟ್ರಾದಿಂದ ಒಂದೆರಡು ಮೆಟ್ಟಿಲು ಕೆಳಗಿಳಿಸಿ, ಅದೇ ಜಾಗವನ್ನು ಇನ್ನೊಮ್ಮೆ ಆಡಿ.